ಒಳಾಂಗಣ ರಾಷ್ಟ್ರೀಯ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಫಲಿತಾಂಶವನ್ನು ಓದುವುದು ಹೇಗೆ?

ಪ್ರಶ್ನೆ: ಹೊರಾಂಗಣದ ವೀಕ್ಷಕ

ಎಲ್ಲರಿಗೂ ನಮಸ್ಕಾರ. ನಾನು ಹಲವು ವರ್ಷಗಳಿಂದ ಅಥ್ಲೆಟಿಕ್ಸ್ ನೋಡುತ್ತ ಬಂದವನು. ಆದರೆ ನೋಡಿದ್ದೆಲ್ಲವೂ 400 ಮೀಟರ್ ಸುತ್ತಳತೆಯ ಬಯಲು ಟ್ರ್ಯಾಕ್‌ನ ಕೂಟಗಳೇ. ಈಚೆಗೆ ಬೇರೆ ಬೇರೆ ದೇಶಗಳ ಒಳಾಂಗಣ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳ ದೃಶ್ಯಾವಳಿಗಳನ್ನು ನೋಡತೊಡಗಿದ ಮೇಲೆ, ಕಂಡು ಬಲ್ಲ ಊರಿನಲ್ಲಿಯೇ ದಾರಿ ತಪ್ಪಿದವನಂತಾಗಿದ್ದೇನೆ.

ನನ್ನನ್ನು ತಡೆದು ನಿಲ್ಲಿಸಿದ್ದು 2023ರ ಫೆಬ್ರುವರಿ 19ರಂದು ಅಪೆಲ್ಡೋರ್ನ್‌ನಲ್ಲಿ ನಡೆದ ನೆದರ್ಲೆಂಡ್ಸ್ ಒಳಾಂಗಣ ಚಾಂಪಿಯನ್‌ಷಿಪ್‌ನ ಮಹಿಳೆಯರ 400 ಮೀಟರ್ ಓಟ. ಫೆಮ್ಕೆ ಬೋಲ್ ಅದನ್ನು 49.26 ಸೆಕೆಂಡುಗಳಲ್ಲಿ ಮುಗಿಸಿ, 1982ರಲ್ಲಿ ಮಿಲಾನ್‌ನಲ್ಲಿ ಯಾರ್ಮಿಲಾ ಕ್ರಾತೋಖ್ವಿಲೋವಾ ಸ್ಥಾಪಿಸಿದ್ದ 49.59 ಸೆಕೆಂಡುಗಳ ವಿಶ್ವ ಒಳಾಂಗಣ ದಾಖಲೆಯನ್ನು ಮುರಿದರು. ಹೆಚ್ಚುಕಡಿಮೆ 41 ವರ್ಷ ಯಾರ ಕೈಗೂ ಸಿಗದಿದ್ದ ದಾಖಲೆಯೊಂದು ಒಲಿಂಪಿಕ್ಸ್‌ನಲ್ಲಿಯೋ ವಿಶ್ವ ಕೂಟದಲ್ಲಿಯೋ ಮುರಿಯದೆ, ಒಂದು ದೇಶದೊಳಗಿನ ಕೂಟದಲ್ಲಿ, ತಮ್ಮದೇ ದೇಶದ ಓಟಗಾರ್ತಿಯರ ನಡುವೆ ಮುರಿದದ್ದು ನನಗೆ ಅಚ್ಚರಿ ತಂದಿತು.

ಅದಕ್ಕಿಂತ ಹೆಚ್ಚಾಗಿ ಓಟದ ಸ್ವರೂಪವೇ ನನಗೆ ಗೊಂದಲವಾಯಿತು. ಆರೇ ಲೇನ್‌ಗಳು, ತಿರುವುಗಳಲ್ಲಿ ತಟ್ಟೆಯ ಅಂಚಿನಂತೆ ಮೇಲೆದ್ದ ಟ್ರ್ಯಾಕ್, ಮೊದಲ ಸುತ್ತನ್ನು ತಮ್ಮ ತಮ್ಮ ಲೇನ್‌ಗಳಲ್ಲಿ ಓಡಿದ ಓಟಗಾರ್ತಿಯರು ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಒಳಲೇನ್‌ಗೆ ನುಗ್ಗುವುದು, ಆಮೇಲೆ ಯಾರೂ ಯಾರನ್ನೂ ಸುಲಭವಾಗಿ ದಾಟಲಾಗದಿರುವುದು: ಇವೆಲ್ಲ ನನ್ನ ಅನುಭವಕ್ಕೆ ಹೊರತಾದವು. ಬಯಲಿನ 400 ಮೀಟರ್ ಓಟದಲ್ಲಿ ಕೊನೆಯ ನೇರ ಪಥದಲ್ಲಿ ನಿರ್ಣಯವಾಗುವ ಸ್ಪರ್ಧೆ, ಇಲ್ಲಿ ಅರ್ಧ ದಾರಿಯಲ್ಲಿಯೇ ಮುಗಿದುಹೋಗುವಂತೆ ತೋರುತ್ತದೆ.

ಹಾಗಾದರೆ ಲೇನ್ ಹಂಚಿಕೆಯಲ್ಲಿಯೇ ಅರ್ಧ ಫಲಿತಾಂಶ ಅಡಗಿದೆಯೇ? ಇಲ್ಲಿನ ಸಮಯವನ್ನು ಬಯಲಿನ ಸಮಯದೊಂದಿಗೆ ಹೋಲಿಸುವುದು ಸರಿಯೇ? ಪ್ರಮುಖರು ಅನೇಕರು ಗೈರಾಗುವ ಇಂಥ ರಾಷ್ಟ್ರೀಯ ಕೂಟವೊಂದರ ಪದಕಕ್ಕೆ ಎಷ್ಟು ಬೆಲೆ ಕೊಡಬೇಕು? ತಿಳಿದವರು ಸಾವಧಾನವಾಗಿ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಕಾಲಮಾಪಕ

ಬಹುಕಾಲ ಕೂಟಗಳಲ್ಲಿ ಗಡಿಯಾರವನ್ನೂ ಅಳತೆಯ ಟೇಪನ್ನೂ ಹಿಡಿದು ಕುಳಿತವನಾದ್ದರಿಂದ, ತಾವು ಕೇಳಿದ ಮೊದಲ ಎರಡು ಪ್ರಶ್ನೆಗಳಿಗೆ ನಾನು ಉತ್ತರಿಸಲು ಯತ್ನಿಸುತ್ತೇನೆ. ಓಟಗಾರರಿಗಿಂತ ಮೊದಲು ಟ್ರ್ಯಾಕನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಳಾಂಗಣದಲ್ಲಿ ಟ್ರ್ಯಾಕ್ ಕೂಡ ಒಬ್ಬ ಸ್ಪರ್ಧಿಯೇ.

ಒಂದು ತಪ್ಪು ಕಲ್ಪನೆ ಬಹಳ ಮಂದಿಯಲ್ಲಿದೆ. ಒಳಾಂಗಣದ 400 ಮೀಟರ್ ಓಟದಲ್ಲಿ ಎರಡರ ಬದಲು ನಾಲ್ಕು ತಿರುವುಗಳಿರುವುದರಿಂದ, ತಿರುವಿನಲ್ಲಿ ಓಡುವ ದೂರವೂ ಇಮ್ಮಡಿ ಎಂದು ಅವರು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಬಯಲಿನ ಪ್ರಮಾಣಿತ ಟ್ರ್ಯಾಕ್‌ನಲ್ಲಿ ಒಂದು ತಿರುವು 115.61 ಮೀಟರ್, ಎರಡು ತಿರುವುಗಳಿಗೆ ಸುಮಾರು 231 ಮೀಟರ್. ಒಳಾಂಗಣದ 200 ಮೀಟರ್ ಟ್ರ್ಯಾಕ್‌ನ ಒಳ ತ್ರಿಜ್ಯ ಸಾಮಾನ್ಯವಾಗಿ 17.2 ಮೀಟರ್ ಆಸುಪಾಸಿನಲ್ಲಿರುತ್ತದೆ. ಅದರ ಒಂದು ತಿರುವು ಸುಮಾರು 55 ಮೀಟರ್, ನಾಲ್ಕಕ್ಕೆ ಸುಮಾರು 220 ಮೀಟರ್. ಅಂದರೆ ತಿರುವಿನ ಒಟ್ಟು ದೂರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ತಿರುವಿನ ಬಿಗಿಯಲ್ಲಿ. ಬಯಲಿನಲ್ಲಿ ತ್ರಿಜ್ಯ 36.5 ಮೀಟರ್, ಇಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ.

ಬೋಲ್ ಅವರ 49.26 ಸೆಕೆಂಡನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸರಾಸರಿ ವೇಗ ಸೆಕೆಂಡಿಗೆ ಸುಮಾರು 8.1 ಮೀಟರ್. ಈ ವೇಗದಲ್ಲಿ ಬಯಲಿನ ಒಳಲೇನ್‌ನ ತಿರುವನ್ನು ಓಡುವಾಗ ದೇಹ ಒಳಮುಖವಾಗಿ ಸುಮಾರು 10 ಡಿಗ್ರಿ ವಾಲಬೇಕಾಗುತ್ತದೆ. ಅದೇ ವೇಗದಲ್ಲಿ ಒಳಾಂಗಣದ ಮೊದಲ ಲೇನ್‌ನಲ್ಲಿ 21 ಡಿಗ್ರಿಯಷ್ಟು ವಾಲಬೇಕು. ನೆಲ ಸಮತಟ್ಟಾಗಿದ್ದರೆ ಹರಡಿನ ಕೀಲುಗಳು ಈ ಓರೆಯನ್ನೆಲ್ಲ ಹೊರಬೇಕಾಗಿತ್ತು. ಅದಕ್ಕಾಗಿಯೇ ತಿರುವಿನಲ್ಲಿ ಟ್ರ್ಯಾಕನ್ನು ಹೊರಮಗ್ಗುಲಿಗೆ ಎತ್ತರಿಸುತ್ತಾರೆ. ನಿಯಮವು 15 ಡಿಗ್ರಿಗಿಂತ ಹೆಚ್ಚು ಬೇಡವೆನ್ನುತ್ತದೆ, ಹಲವು ಕಡೆ ಅದು 10 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಟ್ರ್ಯಾಕ್ ತಾನೇ 10 ಡಿಗ್ರಿ ವಾಲಿಕೊಟ್ಟರೆ ಮೊದಲ ಲೇನ್‌ನವರಿಗೆ ಉಳಿಯುವುದು 11 ಡಿಗ್ರಿ. ಆರನೇ ಲೇನ್‌ನಲ್ಲಿ ತ್ರಿಜ್ಯ 22 ಮೀಟರಿನಷ್ಟಾಗುವುದರಿಂದ ಬೇಕಾದ ಒಟ್ಟು ವಾಲು ಸುಮಾರು 17 ಡಿಗ್ರಿ, ಟ್ರ್ಯಾಕ್‌ನ ಪಾಲನ್ನು ಕಳೆದರೆ ಉಳಿಯುವುದು ಏಳೇ ಡಿಗ್ರಿ. ಇದು ಸರಾಸರಿ ವೇಗದ ಲೆಕ್ಕ ಎಂಬುದನ್ನು ಮರೆಯಬಾರದು. ಮೊದಲ ಸುತ್ತಿನಲ್ಲಿ ಎಲ್ಲರೂ ಇದಕ್ಕಿಂತ ವೇಗವಾಗಿಯೇ ಓಡುತ್ತಾರೆ.

ಲೇನ್‌ಗಳ ಅಸಮಾನತೆ ಇಷ್ಟಕ್ಕೇ ನಿಲ್ಲುವುದಿಲ್ಲ. ಆರನೇ ಲೇನ್‌ನವರು ಸುತ್ತಳತೆಯ ವ್ಯತ್ಯಾಸವನ್ನು ಸರಿದೂಗಿಸಲು ಸುಮಾರು 30 ಮೀಟರ್ ಮುಂದೆ ನಿಂತು ಆರಂಭಿಸುತ್ತಾರೆ. ಆ ಜಾಗ ತಿರುವಿನೊಳಗೆ, ಟ್ರ್ಯಾಕ್‌ನ ಒಳ ಅಂಚಿಗಿಂತ ಹತ್ತಿರಹತ್ತಿರ ಒಂದು ಮೀಟರ್ ಎತ್ತರದಲ್ಲಿರುತ್ತದೆ. ಹಾಗಾಗಿ ಗುಂಡಿನ ಸದ್ದು ಕೇಳಿದ ಕೆಲವೇ ಹೆಜ್ಜೆಗಳಲ್ಲಿ ಅವರಿಗೆ ಇಳಿಜಾರು ಸಿಗುತ್ತದೆ. ಮೊದಲ ಲೇನ್‌ನವರಿಗೆ ಸಿಗುವುದು ನೇರವಾಗಿ ಅತಿ ಬಿಗಿಯಾದ ತಿರುವು. ಇದೇ ಕಾರಣದಿಂದ 200 ಮೀಟರ್ ಓಟವನ್ನು 2004ರ ಬುಡಾಪೆಸ್ಟ್ ಕೂಟದ ನಂತರ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನಿಂದ ಕೈಬಿಟ್ಟರು. ಇಡೀ ಓಟ ಲೇನ್‌ನಲ್ಲಿಯೇ ನಡೆಯುವ ಆ ಸ್ಪರ್ಧೆಯಲ್ಲಿ ಒಳಲೇನ್ ಸಿಕ್ಕವರ ಪದಕದ ಆಸೆ ಓಟಕ್ಕೆ ಮೊದಲೇ ಕರಗುತ್ತಿತ್ತು. ಹಲವು ದೇಶಗಳ ರಾಷ್ಟ್ರೀಯ ಕೂಟಗಳಲ್ಲಿ ಮಾತ್ರ ಅದು ಇಂದಿಗೂ ಉಳಿದಿದೆ. ಅದನ್ನು ಉಳಿಸಿಕೊಂಡದ್ದು ಸರಿಯೆಂದೇ ನಾನು ಹೇಳುತ್ತೇನೆ, ಏಕೆಂದರೆ ರಾಷ್ಟ್ರೀಯ ಕೂಟವು ಪದಕ ಹಂಚುವುದರ ಜೊತೆಗೆ ಓಟಗಾರರನ್ನು ಬೆಳೆಸುವ ಕೆಲಸವನ್ನೂ ಮಾಡಬೇಕಾಗುತ್ತದೆ.

ಇನ್ನು ಲೇನ್ ಹಂಚಿಕೆ. ನಿಯಮಪುಸ್ತಕ ಈ ಅಸಮಾನತೆಯನ್ನು ಬಚ್ಚಿಡುವುದಿಲ್ಲ, ಒಪ್ಪಿಕೊಂಡೇ ಮುಂದುವರಿಯುತ್ತದೆ. ಅರ್ಹತಾ ಸುತ್ತಿನ ಬಳಿಕ ಅಗ್ರ ಇಬ್ಬರಿಗೆ ಐದು ಮತ್ತು ಆರನೇ ಲೇನ್‌ಗಳಿಗಾಗಿ, ಮುಂದಿನ ಇಬ್ಬರಿಗೆ ಮೂರು ಮತ್ತು ನಾಲ್ಕಕ್ಕಾಗಿ, ಉಳಿದಿಬ್ಬರಿಗೆ ಒಂದು ಮತ್ತು ಎರಡಕ್ಕಾಗಿ ಪ್ರತ್ಯೇಕವಾಗಿ ಚೀಟಿ ಎತ್ತುತ್ತಾರೆ. ಆದ್ದರಿಂದ ಫೈನಲ್‌ನ ಒಳ್ಳೆಯ ಲೇನನ್ನು ಹೀಟ್ಸ್‌ನಲ್ಲಿ, ಅಂದರೆ ಆ ಅರ್ಹತಾ ಓಟಗಳಲ್ಲಿ, ಓಡಿಯೇ ಗಳಿಸಬೇಕು. ನಾನು ಕೆಲಸ ಮಾಡಿದ ಒಂದು ಸಣ್ಣ ಒಳಾಂಗಣ ಕೂಟದಲ್ಲಿ, ಬಯಲಿನ ಅಭ್ಯಾಸದಂತೆ ಅಗ್ರ ಓಟಗಾರರನ್ನು ಮೂರು ಮತ್ತು ನಾಲ್ಕನೇ ಲೇನ್‌ಗಳಿಗೆ ಹಾಕಿದ್ದರು. ಹೀಟ್ಸ್‌ನಲ್ಲಿ ಐದನೆಯವನಾಗಿ ಬಂದಿದ್ದ ಹುಡುಗ ಆರನೇ ಲೇನ್‌ನಿಂದ ಓಡಿ ಮೊದಲ ಸುತ್ತು ಮುಗಿಯುವಾಗ ಎಲ್ಲರಿಗಿಂತ ಮುಂದಿದ್ದ, ಗೆದ್ದೂಬಿಟ್ಟ. ಅವನ ತಪ್ಪೇನೂ ಇರಲಿಲ್ಲ. ಹಂಚಿಕೆ ಮಾಡಿದವರು ಮಾತ್ರ ಸಂಜೆಯವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ.

ಅರ್ಧ ದಾರಿಯಲ್ಲಿಯೇ ಓಟ ಮುಗಿದಂತೆ ತೋರುತ್ತದೆ ಎಂಬ ತಮ್ಮ ಗ್ರಹಿಕೆ ಬಹುಮಟ್ಟಿಗೆ ಸರಿಯಾದುದೇ. 400 ಮೀಟರ್‌ನಲ್ಲಿ ಎರಡನೇ ತಿರುವು ಮುಗಿದ ಕೂಡಲೇ ಟ್ರ್ಯಾಕ್‌ಗೆ ಅಡ್ಡಲಾಗಿ ಒಂದು ಗೆರೆ ಇರುತ್ತದೆ. ಅದನ್ನು ದಾಟಿದವರು ಒಳಲೇನ್‌ಗೆ ಇಳಿಯಬಹುದು. ಆ ಗೆರೆಯ ಬಳಿ ಮುಂದಿದ್ದವರು ಒಳ ಅಂಚನ್ನು ಹಿಡಿಯುತ್ತಾರೆ. ಹಿಂದಿನವರು ಅವರನ್ನು ತಿರುವಿನಲ್ಲಿ ದಾಟಬೇಕೆಂದರೆ ಒಂದು ಮೀಟರ್ ಹೊರಗೆ ಓಡಬೇಕು, ಅದಕ್ಕೆ ಪ್ರತಿ ತಿರುವಿಗೂ ಮೂರು ಮೀಟರ್‌ಗಿಂತ ಹೆಚ್ಚು ದಂಡ ತೆರಬೇಕು. ನೇರ ಭಾಗ ಐವತ್ತು ಮೀಟರೂ ಇಲ್ಲದಿರುವುದರಿಂದ ಅಲ್ಲಿ ದಾಟಲು ಅವಕಾಶ ಕಡಿಮೆ. ಹೀಗಾಗಿ ಎಲ್ಲರೂ ಮೊದಲ ಸುತ್ತನ್ನು ತಮ್ಮ ಶಕ್ತಿಗೆ ಮೀರಿದ ವೇಗದಲ್ಲಿ ಓಡುತ್ತಾರೆ, ಎರಡನೆಯ ಸುತ್ತಿನಲ್ಲಿ ಯಾರು ಕಡಿಮೆ ಕುಸಿಯುತ್ತಾರೆ ಎಂಬುದೇ ಪಂದ್ಯವಾಗುತ್ತದೆ. ಇಂಥ ಓಟದ ಸಮಯವನ್ನು ಬಯಲಿನ ಸಮಯದ ಪಕ್ಕದಲ್ಲಿಟ್ಟು ನೋಡುವುದು ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ: ಅರವತ್ತು ಮೀಟರ್

ಹಿರಿಯರ ವಿವರಣೆ ಬಹಳ ಉಪಯುಕ್ತವಾಗಿದೆ, ಆದರೆ ಅವರ ಕೊನೆಯ ವಾಕ್ಯವನ್ನು 400 ಮೀಟರ್‌ಗಷ್ಟೇ ಸೀಮಿತಗೊಳಿಸಬೇಕೆಂದು ವಿನಂತಿಸುತ್ತೇನೆ. ಅಂಡಾಕಾರದ ಟ್ರ್ಯಾಕ್‌ನ ನಡುವೆ ಹಾಸಿದ ನೇರ ಪಥದಲ್ಲಿ ನಡೆಯುವ 60 ಮೀಟರ್ ಓಟಕ್ಕೆ ಈ ಯಾವ ತೊಡಕೂ ಇಲ್ಲ. ಅಲ್ಲಿ ತಿರುವಿಲ್ಲ, ಓರೆಯಿಲ್ಲ, ಸ್ಟಾಗರ್ ಇಲ್ಲ, ಅಂದರೆ ಓಟಗಾರರನ್ನು ಹಿಂದೆಮುಂದೆ ನಿಲ್ಲಿಸಿ ಆರಂಭಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಗಾಳಿಯಿಲ್ಲ. ಬಯಲಿನ 100 ಮೀಟರ್ ಫಲಿತಾಂಶವನ್ನು ಓದುವಾಗ ಪಕ್ಕದಲ್ಲಿ ಗಾಳಿಯ ವೇಗವನ್ನು ನೋಡಿ ಮನಸ್ಸಿನಲ್ಲಿಯೇ ಕೂಡಿ ಕಳೆಯುವ ಕೆಲಸ ಇಲ್ಲಿ ತಪ್ಪುತ್ತದೆ. ಒಬ್ಬ ಸ್ಪ್ರಿಂಟರ್‌ನ ಆರಂಭವನ್ನೂ ವೇಗವೃದ್ಧಿಯನ್ನೂ ಇದಕ್ಕಿಂತ ಶುದ್ಧವಾಗಿ ಅಳೆಯುವ ಸ್ಪರ್ಧೆ ಇನ್ನೊಂದಿಲ್ಲ.

ಆದರೆ ಸಮುದ್ರಮಟ್ಟದಿಂದ ಇರುವ ಎತ್ತರವನ್ನು ಇಲ್ಲಿಯೂ ಗಮನಿಸಬೇಕು. ಅಮೆರಿಕದ ಒಳಾಂಗಣ ರಾಷ್ಟ್ರೀಯ ಚಾಂಪಿಯನ್‌ಷಿಪ್ ಹಲವು ಬಾರಿ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ನಡೆದಿದೆ. ಆ ಊರು 1,500 ಮೀಟರ್‌ಗಿಂತ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು. ಕ್ರಿಶ್ಚಿಯನ್ ಕೋಲ್ಮನ್ 2018ರ ಫೆಬ್ರುವರಿ 18ರಂದು 60 ಮೀಟರನ್ನು 6.34 ಸೆಕೆಂಡುಗಳಲ್ಲಿ ಓಡಿ, ಮಾರಿಸ್ ಗ್ರೀನ್ ಅವರ 6.39 ಸೆಕೆಂಡುಗಳ ವಿಶ್ವ ದಾಖಲೆಯನ್ನು ಮುರಿದದ್ದು ಈ ರಾಷ್ಟ್ರೀಯ ಕೂಟದಲ್ಲಿಯೇ, ಇದೇ ಊರಿನಲ್ಲಿ. ಗ್ರಾಂಟ್ ಹಾಲೊವೇ ತಮ್ಮದೇ 7.29 ಸೆಕೆಂಡುಗಳ 60 ಮೀಟರ್ ಹರ್ಡಲ್ಸ್ ದಾಖಲೆಯನ್ನು 7.27ಕ್ಕೆ ಇಳಿಸಿದ್ದೂ 2024ರ ಫೆಬ್ರುವರಿಯಲ್ಲಿ ಅಲ್ಲಿಯೇ. ಈ ದಾಖಲೆಗಳು ಸಂಪೂರ್ಣ ಸಿಂಧುವಾದವು, ಅವುಗಳನ್ನು ಕೀಳಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ತೆಳುಗಾಳಿಯು ವೇಗದ ಓಟಕ್ಕೆ ಕೊಡುವ ಸಣ್ಣ ಸಹಾಯವನ್ನು ದೂರದ ಓಟದಿಂದ ಬಡ್ಡಿಸಮೇತ ವಸೂಲು ಮಾಡುತ್ತದೆ. ಅದೇ ಕೂಟದ 3000 ಮೀಟರ್ ಓಟದ ಸಮಯ ನೋಡಿ ಆ ಓಟಗಾರರು ನಿಧಾನದವರೆಂದು ತೀರ್ಮಾನಿಸುವವರು ಎತ್ತರವನ್ನು ಮರೆತಿದ್ದಾರೆಂದೇ ಅರ್ಥ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಹೋಲಿಕೆ ರುಚಿಸಬಹುದು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡುಗಳಲ್ಲಿ ಓಡಿದಾಗ, 60 ಮೀಟರ್ ಗುರುತನ್ನು ದಾಟಿದ್ದು ಸುಮಾರು 6.31 ಸೆಕೆಂಡುಗಳಲ್ಲಿ. ಅಂದರೆ ಕೋಲ್ಮನ್ ಅವರ ಒಳಾಂಗಣ ದಾಖಲೆಗಿಂತ ವೇಗವಾಗಿ. ಆ ದಿನ ಬೋಲ್ಟ್ ಬೆನ್ನಿಗೆ ಸೆಕೆಂಡಿಗೆ 0.9 ಮೀಟರ್ ಗಾಳಿಯಿತ್ತು ಎಂಬುದು ನಿಜ. ಆದರೂ ಒಳಾಂಗಣದ 60 ಮೀಟರ್ ಎಂದರೆ 100 ಮೀಟರ್‌ನ ಕಿರಿಯ ತಮ್ಮ ಎನ್ನುವವರಿಗೆ ಈ ಹೋಲಿಕೆ ಒಂದು ಪ್ರಶ್ನೆಯನ್ನು ಎಸೆಯುತ್ತದೆ. ನನ್ನ ಮಟ್ಟಿಗೆ ಅದರ ಉತ್ತರ ಸರಳ: 60 ಮೀಟರ್‌ನಲ್ಲಿ ಗೆಲ್ಲುವವರು ಬೇಗ ವೇಗ ಹಿಡಿಯುವವರು, 100 ಮೀಟರ್‌ನಲ್ಲಿ ಗೆಲ್ಲುವವರು ಹಿಡಿದ ವೇಗವನ್ನು ಬಿಡದವರು. ಎರಡೂ ಒಬ್ಬರಲ್ಲಿಯೇ ಕೂಡಿಬರುವುದು ಅಪರೂಪ, ಬೋಲ್ಟ್ ಆ ಅಪರೂಪದವರು.

ಹರ್ಡಲ್ಸ್ ಬಗ್ಗೆ ಒಂದು ಮಾತು. ಇಲ್ಲಿ ಹತ್ತರ ಬದಲು ಐದೇ ಅಡೆತಡೆಗಳು. ಎತ್ತರವಾಗಲಿ ಅಂತರವಾಗಲಿ ಬದಲಾಗುವುದಿಲ್ಲ. ಪುರುಷರಿಗೆ ಮೊದಲ ಹರ್ಡಲ್ 13.72 ಮೀಟರ್ ದೂರದಲ್ಲಿ, ನಂತರ 9.14 ಮೀಟರ್ ಅಂತರ, ಕೊನೆಯದರಿಂದ ಗೆರೆಗೆ 9.72 ಮೀಟರ್. ಆದ್ದರಿಂದ ಇದು 110 ಮೀಟರ್ ಹರ್ಡಲ್ಸ್‌ನ ಮೊದಲರ್ಧದ ನಿಖರ ಪ್ರತಿ. ಬಯಲಿನಲ್ಲಿ ಯಾರು ಚೆನ್ನಾಗಿ ಓಡುತ್ತಾರೆಂದು ಊಹಿಸಲು ಇದಕ್ಕಿಂತ ಒಳ್ಳೆಯ ಸೂಚನೆ ಚಳಿಗಾಲದಲ್ಲಿ ಸಿಗುವುದಿಲ್ಲ.

ದಾಖಲೆಯ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ವೇಗವಾಗಿ ಓಡಿದ ಮಾತ್ರಕ್ಕೆ ದಾಖಲೆ ದೊರೆಯುವುದಿಲ್ಲ. ಕೆನಡಾದ ಕ್ರಿಸ್ಟೊಫರ್ ಮೊರಾಲೆಸ್ ವಿಲಿಯಮ್ಸ್ 2024ರ ಫೆಬ್ರುವರಿಯಲ್ಲಿ ಫೇಯೆಟ್‌ವಿಲ್‌ನ ವಿಶ್ವವಿದ್ಯಾಲಯ ಮಟ್ಟದ ಕೂಟವೊಂದರಲ್ಲಿ ಒಳಾಂಗಣದ 400 ಮೀಟರನ್ನು 44.49 ಸೆಕೆಂಡುಗಳಲ್ಲಿ ಓಡಿದರು. ಕೆರಾನ್ ಕ್ಲೆಮೆಂಟ್ 2005ರಲ್ಲಿ ಮಾಡಿದ್ದ 44.57ಕ್ಕಿಂತ ಅದು ಉತ್ತಮ. ಆದರೆ ಬಳಸಿದ ಸ್ಟಾರ್ಟಿಂಗ್ ಬ್ಲಾಕ್‌ಗಳು, ಅಂದರೆ ಆರಂಭದಲ್ಲಿ ಕಾಲೂರುವ ಆಸರೆಗಳು, ವಿಶ್ವ ದಾಖಲೆಗೆ ಬೇಕಾದ ಮಟ್ಟದ್ದಾಗಿರಲಿಲ್ಲ, ಆ ಸಮಯ ವಿಶ್ವ ದಾಖಲೆಯಾಗಿ ಅಂಗೀಕಾರವಾಗಲಿಲ್ಲ. ಬ್ಲಾಕ್‌ನ ಒತ್ತಡವನ್ನು ಅಳೆದು, ಗುಂಡಿನ ಸದ್ದಾಗಿ 0.100 ಸೆಕೆಂಡು ಕಳೆಯುವ ಮೊದಲು ಕದಲಿದವರನ್ನು ಗುರುತಿಸುವ ವ್ಯವಸ್ಥೆ ಇಲ್ಲದ ಕಡೆ ಎಂಥ ಓಟವೂ ದಾಖಲೆ ಪುಸ್ತಕದ ಹೊಸ್ತಿಲಲ್ಲಿಯೇ ನಿಲ್ಲುತ್ತದೆ.

ಮರುಪ್ರಶ್ನೆ: ಹೊರಾಂಗಣದ ವೀಕ್ಷಕ

ಇಬ್ಬರಿಗೂ ವಂದನೆಗಳು. ತಿರುವಿನ ದೂರ ಎರಡೂ ಕಡೆ ಒಂದೇ ಎಂಬುದನ್ನು ನಾನೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ, ಒಪ್ಪಿದೆ. ಆದರೆ ಅದರಿಂದ ಹೊಸ ಸಂದೇಹವೊಂದು ಹುಟ್ಟಿದೆ. ಅಪೆಲ್ಡೋರ್ನ್‌ನ ಆ ಓಟದ ಹೊತ್ತಿಗೆ ಬೋಲ್ ಅವರ ಬಯಲಿನ ಶ್ರೇಷ್ಠ ಸಮಯ 2022ರಲ್ಲಿ ಮ್ಯೂನಿಕ್‌ನಲ್ಲಿ ಓಡಿದ 49.44 ಸೆಕೆಂಡು. ಒಳಾಂಗಣದ ಟ್ರ್ಯಾಕ್ ಇಷ್ಟೆಲ್ಲ ಕಷ್ಟದ್ದಾದರೆ, ಅಲ್ಲಿ ಬಯಲಿಗಿಂತ ವೇಗವಾಗಿ 49.26ರಲ್ಲಿ ಓಡಲು ಹೇಗೆ ಸಾಧ್ಯವಾಯಿತು? ಇದು ನಿವೃತ್ತ ಕಾಲಮಾಪಕರ ಮಾತಿಗೆ ವಿರೋಧವಲ್ಲವೇ?

ಉತ್ತರ: ನಿವೃತ್ತ ಕಾಲಮಾಪಕ

ವಿರೋಧವೆನ್ನುವುದಕ್ಕಿಂತ ಅಪವಾದ ಎನ್ನಿ. ಅಪವಾದಕ್ಕೂ ಒಂದು ಕಾರಣವಿದೆ. ಆಗ ಬೋಲ್ ಅವರ ಮುಖ್ಯ ಸ್ಪರ್ಧೆ 400 ಮೀಟರ್ ಹರ್ಡಲ್ಸ್ ಆಗಿತ್ತು. ಬೇಸಿಗೆಯಲ್ಲಿ ಅವರ ಗಮನವೆಲ್ಲ ಅದರ ಮೇಲಿರುತ್ತಿತ್ತು, ಹರ್ಡಲ್ ಇಲ್ಲದ 400 ಮೀಟರ್ ಓಡುತ್ತಿದ್ದದ್ದು ಕಡಿಮೆ. ಒಳಾಂಗಣದ ಚಾಂಪಿಯನ್‌ಷಿಪ್‌ಗಳಲ್ಲಿ 400 ಮೀಟರ್ ಹರ್ಡಲ್ಸ್ ಇಲ್ಲ. ಆದ್ದರಿಂದ ಚಳಿಗಾಲದಲ್ಲಿ ಬರಿಯ 400 ಮೀಟರೇ ಅವರ ಮುಖ್ಯ ಸ್ಪರ್ಧೆಯಾಗುತ್ತಿತ್ತು. ಬಯಲಿನಲ್ಲಿ ಅಪರೂಪಕ್ಕೆ ಓಡಿದ ಓಟವನ್ನು ಒಳಾಂಗಣದಲ್ಲಿ ಪೂರ್ಣ ಸಿದ್ಧತೆಯಿಂದ ಓಡಿದ ಓಟದ ಜೊತೆ ಹೋಲಿಸುತ್ತಿದ್ದೇವೆ ಎಂಬುದು ಇಲ್ಲಿ ಮರೆಯಾಗುತ್ತದೆ.

ರಾಷ್ಟ್ರೀಯ ಕೂಟದಲ್ಲಿಯೇ ಏಕೆ ಎಂದು ತಾವು ಮೊದಲು ಕೇಳಿದ್ದಿರಿ. ಒಳಾಂಗಣದಲ್ಲಿ ದಾಖಲೆ ಮುರಿಯಬೇಕಾದರೆ ಮೊದಲ ಸುತ್ತಿನ ಕೊನೆಗೆ ಗೆರೆಯ ಬಳಿ ಯಾರೂ ಅಡ್ಡ ಬರಬಾರದು. ವಿಶ್ವ ಕೂಟದಲ್ಲಿ ಆರೂ ಮಂದಿ ಆ ಜಾಗಕ್ಕಾಗಿ ಮೊಣಕೈ ಚಾಚುತ್ತಾರೆ. ರಾಷ್ಟ್ರೀಯ ಕೂಟದಲ್ಲಿ ಉಳಿದವರಿಗಿಂತ ಸ್ಪಷ್ಟವಾಗಿ ವೇಗವುಳ್ಳವರಿಗೆ ದಾರಿ ತೆರವಾಗಿರುತ್ತದೆ, ಅದೇ ವೇಳೆಗೆ ಬೆನ್ನಟ್ಟಲು ಒಬ್ಬ ಸಮರ್ಥ ಎದುರಾಳಿ ಇದ್ದರೆ ಇನ್ನೂ ಒಳ್ಳೆಯದು. ಅಪೆಲ್ಡೋರ್ನ್‌ನಲ್ಲಿ ಲೀಕೆ ಕ್ಲಾವರ್ ಅಂಥ ಎದುರಾಳಿಯಾಗಿದ್ದರು. ಮರುವರ್ಷ, 2024ರ ಫೆಬ್ರುವರಿ 18ರಂದು, ಅದೇ ಟ್ರ್ಯಾಕ್‌ನಲ್ಲಿ, ಅದೇ ರಾಷ್ಟ್ರೀಯ ಕೂಟದಲ್ಲಿ ಬೋಲ್ ತಮ್ಮ ದಾಖಲೆಯನ್ನು 49.24ಕ್ಕೆ ಇಳಿಸಿದರು. ಆದರೆ ನನ್ನ ವಾದಕ್ಕೆ ನಾನೇ ಒಂದು ಪೆಟ್ಟು ಕೊಟ್ಟುಕೊಳ್ಳಬೇಕಾಗಿದೆ: ಎರಡು ವಾರವೂ ಕಳೆಯುವ ಮುನ್ನ ಮಾರ್ಚ್ 2ರಂದು ಗ್ಲಾಸ್ಗೊ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನಲ್ಲಿ, ಎಲ್ಲ ಮೊಣಕೈಗಳ ನಡುವೆಯೇ, ಅವರು 49.17ರಲ್ಲಿ ಓಡಿದರು.

ಉತ್ತರ: ಮೈದಾನದ ನಡುವಿನಿಂದ

ಇಷ್ಟು ಹೊತ್ತು ಓಟದ ಮಾತೇ ನಡೆದದ್ದರಿಂದ, ಟ್ರ್ಯಾಕ್‌ನ ಒಳಗಿನ ಅಂಗಳದಲ್ಲಿ ನಡೆಯುವುದನ್ನು ಕುರಿತು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಹೋಲಿಕೆಯ ಪ್ರಶ್ನೆಗೆ ಅತ್ಯಂತ ನೇರ ಉತ್ತರ ಅಲ್ಲಿಯೇ ಇದೆ. ಜಿಗಿತಗಾರನಿಗೆ ಚಾವಣಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಎತ್ತರ ಎತ್ತರವೇ, ಉದ್ದ ಉದ್ದವೇ. ಇದನ್ನು ನಿಯಮವೂ ಮನ್ನಿಸಿದೆ. ಚಾವಣಿಯ ಕೆಳಗೆ ಮಾಡಿದ ಸಾಧನೆಯೂ ಒಟ್ಟಾರೆ ವಿಶ್ವ ದಾಖಲೆಯಾಗಬಹುದು ಎಂಬ ಬದಲಾವಣೆ 2000ದಿಂದ ಜಾರಿಯಲ್ಲಿದೆ. ರೆನೊ ಲಾವಿಲ್ಲೆನಿ 2014ರ ಫೆಬ್ರುವರಿಯಲ್ಲಿ ಡೊನೆಟ್ಸ್ಕ್‌ನ ಒಳಾಂಗಣದಲ್ಲಿ 6.16 ಮೀಟರ್ ಪೋಲ್‌ವಾಲ್ಟ್ ಜಿಗಿದಾಗ, ಅಲ್ಲಿಯೇ ಕುಳಿತು ನೋಡುತ್ತಿದ್ದ ಸೆರ್ಗೆಯ್ ಬುಬ್ಕಾ ಅವರ ಹೆಸರು ವಿಶ್ವ ದಾಖಲೆಯ ಪಟ್ಟಿಯಿಂದ ಕೆಳಗಿಳಿಯಿತು. ಆರ್ಮಾಂಡ್ ಡುಪ್ಲಾಂಟಿಸ್ 2020ರ ಫೆಬ್ರುವರಿಯಲ್ಲಿ ಒಂದೇ ವಾರದ ಅಂತರದಲ್ಲಿ ತೋರುನ್‌ನಲ್ಲಿ 6.17, ಗ್ಲಾಸ್ಗೊದಲ್ಲಿ 6.18 ಮೀಟರ್ ಜಿಗಿದದ್ದೂ ಚಾವಣಿಯ ಕೆಳಗೇ. ಗಾಳಿ ಬದಲಾಗದ, ಮಳೆ ಬಾರದ, ಕಂಬದ ಹಿಡಿತ ಜಾರದ ಅಂಗಳವು ಪೋಲ್‌ವಾಲ್ಟರ್‌ಗೆ ತವರುಮನೆಯಿದ್ದಂತೆ.

ಆದರೆ ಅಂಗಳದಲ್ಲಿ ಎಲ್ಲಕ್ಕೂ ಸ್ಥಳವಿಲ್ಲ. ಈಟಿ, ಡಿಸ್ಕಸ್, ಹ್ಯಾಮರ್ ಇವನ್ನು ಎಸೆಯಲು ಬೇಕಾದ ಬಯಲು ಚಾವಣಿಯ ಕೆಳಗೆ ಎಲ್ಲಿಂದ ಬರಬೇಕು? ಉಳಿಯುವುದು ಗುಂಡು ಎಸೆತವೊಂದೇ. ಈ ಕೊರತೆಯನ್ನು ಅಮೆರಿಕದ ರಾಷ್ಟ್ರೀಯ ಕೂಟ ತನ್ನದೇ ರೀತಿಯಲ್ಲಿ ತುಂಬಿಕೊಂಡಿದೆ. ಹ್ಯಾಮರ್‌ನಂತೆಯೇ ತಿರುಗಿ ಎಸೆಯುವ, ಆದರೆ ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಭಾರದ ಮತ್ತು ಗಿಡ್ಡ ಹಿಡಿಕೆಯ ತೂಕವೊಂದನ್ನು ಅಲ್ಲಿ ಬಳಸುತ್ತಾರೆ: ಪುರುಷರಿಗೆ 15.88 ಕಿಲೊ, ಮಹಿಳೆಯರಿಗೆ 9.07 ಕಿಲೊ. ವಿಶ್ವ ಕೂಟದಲ್ಲಿ ಈ ಸ್ಪರ್ಧೆ ಇಲ್ಲ. ವೇಗದ ನಡಿಗೆಯೂ 1993ರ ನಂತರ ವಿಶ್ವ ಕೂಟದಲ್ಲಿ ಇಲ್ಲ, ಆದರೂ ಹಲವು ದೇಶಗಳ ಒಳಾಂಗಣ ಕೂಟಗಳಲ್ಲಿ ನಡೆಯುತ್ತಲೇ ಇದೆ. ರಾಷ್ಟ್ರೀಯ ಕೂಟಗಳ ಸ್ವಾರಸ್ಯವೇ ಇದು. ವಿಶ್ವ ಕೂಟ ಕೈಬಿಟ್ಟದ್ದನ್ನು ಇವು ಮನೆಯ ಹಿತ್ತಲಲ್ಲಿ ಬೆಳೆಸಿಕೊಂಡು ಬರುತ್ತವೆ.

ಬಹುಸ್ಪರ್ಧೆಯಲ್ಲಿಯೂ ಇದೇ ಹೊಂದಾಣಿಕೆ ಕಾಣುತ್ತದೆ. ಪುರುಷರ ಡೆಕಾತ್ಲಾನ್ ಇಲ್ಲಿ ಎರಡು ದಿನಗಳ ಏಳು ಸ್ಪರ್ಧೆಗಳ ಹೆಪ್ಟಾತ್ಲಾನ್ ಆಗುತ್ತದೆ, ಮಹಿಳೆಯರ ಹೆಪ್ಟಾತ್ಲಾನ್ ಒಂದೇ ದಿನದ ಐದು ಸ್ಪರ್ಧೆಗಳ ಪೆಂಟಾತ್ಲಾನ್ ಆಗುತ್ತದೆ. ಬೆಳಿಗ್ಗೆ 60 ಮೀಟರ್ ಹರ್ಡಲ್ಸ್‌ನಿಂದ ತೊಡಗಿ ಎತ್ತರ ಜಿಗಿತ, ಗುಂಡು ಎಸೆತ, ಉದ್ದ ಜಿಗಿತ ಮುಗಿಸಿ, ಸಂಜೆ 800 ಮೀಟರ್ ಓಡಿ ನೆಲಕ್ಕೆ ಒರಗುವ ಆ ಹೆಣ್ಣುಮಕ್ಕಳನ್ನು ನೋಡಿದರೆ, ಒಂದು ದಿನದಲ್ಲಿ ಇಷ್ಟು ಸಾಧ್ಯವೇ ಎನ್ನಿಸುತ್ತದೆ. ಬಿಸಿ ಮಾಡಿದ ಒಣಗಾಳಿಯಲ್ಲಿ ಓಡಿದವರಿಗೆ ಆಮೇಲೆ ಗಂಟಲು ಕೆರೆಯುವ ಕೆಮ್ಮು ಬರುವುದು ಒಳಾಂಗಣದ ಇನ್ನೊಂದು ಬಳುವಳಿ, ದೂರದರ್ಶನದ ಧ್ವನಿಯಲ್ಲಿ ಅದು ಕೇಳಿಸುವುದಿಲ್ಲ ಅಷ್ಟೆ.

ಇನ್ನೊಂದು ಸಣ್ಣ ಸೂಚನೆ. ಈಚಿನ ಅಂಕಿಅಂಶಗಳ ಪಟ್ಟಿಗಳಲ್ಲಿ ಒಳಾಂಗಣ ಎಂಬ ಪದದ ಬದಲು ಶಾರ್ಟ್ ಟ್ರ್ಯಾಕ್ ಎಂಬ ಹೆಸರು ಕಂಡರೆ ಗೊಂದಲಪಡಬೇಡಿ. ನಿರ್ಣಾಯಕವಾದದ್ದು ಚಾವಣಿಯಲ್ಲ, ಟ್ರ್ಯಾಕ್‌ನ ಅಳತೆ ಎಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯೂ ಈಗ ಒಪ್ಪಿಕೊಂಡಿದೆ. ದಾಖಲೆಗೆ ಆ ಟ್ರ್ಯಾಕ್‌ನ ಸುತ್ತಳತೆ 201.2 ಮೀಟರ್, ಅಂದರೆ ಹಳೆಯ 220 ಗಜ, ಮೀರಬಾರದು. ಒಂದು ಕಾಲಕ್ಕೆ ಇದಕ್ಕಿಂತಲೂ ಚಿಕ್ಕ ಸುತ್ತುಗಳಿದ್ದವು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಮರದ ಹಲಗೆಯ ಟ್ರ್ಯಾಕ್ 160 ಗಜದ್ದು, ಮೈಲಿ ಓಟಕ್ಕೆ ಹನ್ನೊಂದು ಸುತ್ತು ಹಾಕಬೇಕಿತ್ತು. ಅಲ್ಲಿನ ತಿರುವಿನ ಲೆಕ್ಕವನ್ನು ನಿವೃತ್ತ ಕಾಲಮಾಪಕರಿಗೇ ಬಿಡುತ್ತೇನೆ.

ಉತ್ತರ: ನಿವೃತ್ತ ಕಾಲಮಾಪಕ

ಆ ಲೆಕ್ಕ ಬೇಡ, ಓದಿದವರಿಗೆ ತಲೆ ತಿರುಗೀತು. ಪದಕದ ಬೆಲೆ ಕುರಿತ ಪ್ರಶ್ನೆ ಮಾತ್ರ ಇನ್ನೂ ಬಾಕಿ ಉಳಿದಿದೆ.

ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ಗೆ ಒಂದು ಸ್ಪರ್ಧೆಗೆ ಒಂದು ದೇಶದಿಂದ ಸಾಮಾನ್ಯವಾಗಿ ಇಬ್ಬರಿಗಷ್ಟೇ ಪ್ರವೇಶ. ಹಾಲಿ ಚಾಂಪಿಯನ್‌ಗೂ ಒಳಾಂಗಣ ಟೂರ್ ಸರಣಿ ಗೆದ್ದವರಿಗೂ ಸಿಗುವ ವಿಶೇಷ ಪ್ರವೇಶ ಇದಕ್ಕೆ ಹೊರತು. ಬಯಲಿನ ವಿಶ್ವ ಕೂಟಕ್ಕೆ ಮೂವರು ಹೋಗಬಹುದು, ಇಲ್ಲಿ ಆ ಮೂರನೇ ಬಾಗಿಲು ಮುಚ್ಚಿರುತ್ತದೆ. ಇದರಿಂದ ಎರಡು ಪರಿಣಾಮಗಳಾಗುತ್ತವೆ. ವಿಶೇಷ ಪ್ರವೇಶ ಕೈಯಲ್ಲಿರುವ ಹೆಸರಾಂತರು ರಾಷ್ಟ್ರೀಯ ಕೂಟದಲ್ಲಿ ಒಂದು ಸುತ್ತು ಓಡಿ ಹಿಂದೆ ಸರಿಯುತ್ತಾರೆ ಅಥವಾ ಬರುವುದೇ ಇಲ್ಲ. ವೀಕ್ಷಕರಿಗೆ ಇದು ನಿರಾಸೆ ತರುತ್ತದೆ. ಆದರೆ ಅದೇ ಓಟದಲ್ಲಿ ಎರಡನೇ ಮತ್ತು ಮೂರನೇ ಸ್ಥಾನಕ್ಕಾಗಿ ಹೋರಾಡುವವರಿಗೆ ಆ ದಿನವೇ ಇಡೀ ಚಳಿಗಾಲದ ತೀರ್ಪು. ಹೀಗಾಗಿ ನಾನು ರಾಷ್ಟ್ರೀಯ ಕೂಟ ನೋಡುವಾಗ ಗೆದ್ದವರ ಸಮಯವನ್ನು ಕೊನೆಗೆ ನೋಡುತ್ತೇನೆ, ಎರಡನೆಯವರಿಗೂ ಮೂರನೆಯವರಿಗೂ ನಡುವೆ ಎಷ್ಟು ಅಂತರವಿತ್ತೆಂಬುದನ್ನು ಮೊದಲು ನೋಡುತ್ತೇನೆ.

1500 ಮತ್ತು 3000 ಮೀಟರ್ ಓಟಗಳು ಇದಕ್ಕೆ ಒಳ್ಳೆಯ ಉದಾಹರಣೆ. 3000 ಮೀಟರ್ ಎಂದರೆ ಹದಿನೈದು ಸುತ್ತು, ಮೂವತ್ತು ತಿರುವು. ಪ್ರತಿ ತಿರುವಿನಲ್ಲಿಯೂ ಒಂದು ಮೀಟರ್ ಹೊರಗೆ ಓಡಿದವರು ಕೊನೆಗೆ ತೊಂಬತ್ತು ಮೀಟರ್‌ಗೂ ಹೆಚ್ಚು ದೂರ ಓಡಿರುತ್ತಾರೆ. ಅಷ್ಟು ದಂಡ ತೆರಲು ಯಾರಿಗೂ ಮನಸ್ಸಿಲ್ಲದ್ದರಿಂದ ಎಲ್ಲರೂ ಒಳ ಅಂಚಿಗೆ ಅಂಟಿಕೊಂಡು ನಿಧಾನವಾಗಿ ಸುತ್ತುತ್ತಾರೆ, ಕೊನೆಯ ಮೂರು ಸುತ್ತುಗಳಲ್ಲಿ ಒಮ್ಮೆಗೇ ಸಿಡಿಯುತ್ತಾರೆ. ಹಾಗಾಗಿ ಫಲಿತಾಂಶದ ಹಾಳೆಯಲ್ಲಿ ಸಮಯ ಸಪ್ಪೆಯಾಗಿ ಕಾಣುತ್ತದೆ. ಮುಂದಿನ ಬಾರಿ ಅಂಥ ಓಟವನ್ನು ನೋಡುವಾಗ ತಾವು ಗಡಿಯಾರದ ಕಡೆ ನೋಡದೆ, ಕೊನೆಯ ಸುತ್ತಿನ ಗಂಟೆ ಬಾರಿಸುವ ಮೊದಲಿನ ನೇರ ಭಾಗದಲ್ಲಿ ಮೂರನೇ ಸ್ಥಾನದಲ್ಲಿರುವವರು ಏನು ಮಾಡುತ್ತಾರೆಂದು ಗಮನಿಸಿ. ಆ ಹೊತ್ತಿಗೆ ಮೂರನೆಯವರು ಹೊರಕ್ಕೆ ಸರಿದು ದಾಟದಿದ್ದರೆ, ಮುಂದೆ ಅವರಿಗೆ ದಾಟಲು ಉಳಿಯುವುದು ಎರಡು ತಿರುವುಗಳ ನಡುವಿನ ಆ ಐವತ್ತು ಮೀಟರೂ ಇಲ್ಲದ ಜಾಗ.

ಮರುಮಾತು: ಹೊರಾಂಗಣದ ವೀಕ್ಷಕ

ಇದನ್ನೆಲ್ಲ ಓದಿದ ಮೇಲೆ ಅಪೆಲ್ಡೋರ್ನ್‌ನ ಆ ಓಟವನ್ನು ಮತ್ತೊಮ್ಮೆ ಹಾಕಿ ನೋಡಿದೆ. ಮೊದಲ ಬಾರಿ ನನ್ನ ಕಣ್ಣಿಗೆ ಬೀಳದೇ ಹೋಗಿದ್ದ ಅಡ್ಡ ಗೆರೆ ಈ ಸಲ ಸ್ಪಷ್ಟವಾಗಿ ಕಂಡಿತು, ಅದನ್ನು ದಾಟಿದ ಕ್ಷಣದಲ್ಲಿ ಬೋಲ್ ಅವರ ಮುಂದೆ ಯಾರೂ ಇರಲಿಲ್ಲ.